ರಕ್ತಬಿಂದುವೂ ಉಪ್ಪಿನ ತೆರೆಯೂ

ಟ್ರಾನ್ಸಿಸ್ಟರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ವಯಸ್ಸಾದವರ ಕಣ್ಣಮುಂದೆ ಬರುವುದು ಚರ್ಮದ ಕವಚ ತೊಟ್ಟು ಹೆಗಲಿಗೆ ತೂಗುಬೀಳುತ್ತಿದ್ದ ಪುಟ್ಟ ರೇಡಿಯೋ. ಹೊಲದ ಬದುವಿನ ಮೇಲೂ ಹೋಟೆಲಿನ ಗಲ್ಲಾದ ಪಕ್ಕದಲ್ಲೂ ಅದು ಹಾಡುತ್ತಿದ್ದ ಕಾಲದಲ್ಲಿ ಜನರು ಒಳಗಿನ ಬಿಡಿಭಾಗದ ಹೆಸರನ್ನೇ ಇಡಿಯ ಪೆಟ್ಟಿಗೆಗೆ ಕೊಟ್ಟುಬಿಟ್ಟಿದ್ದರು. ಆ ಪೆಟ್ಟಿಗೆ ಇಂದು ಅಟ್ಟವನ್ನು ಸೇರಿದೆ. ಬಿಡಿಭಾಗವು ಮಾತ್ರ ಕೋಟಿಗಟ್ಟಲೆಯಾಗಿ ನಮ್ಮ ಜೇಬಿನ ಫೋನುಗಳಲ್ಲಿ ಅಡಗಿ ಕುಳಿತಿದೆ. ಆಕಾಶದಿಂದ ಬರುವ ಕ್ಷೀಣವಾದ ಅಲೆಯನ್ನು ಬಲಪಡಿಸಿ ಹಾಡಾಗಿ ಕೇಳಿಸಿದ ಈ ಸಾಧನಕ್ಕೆ, ಒಂದು ಹನಿ ರಕ್ತದೊಳಗಿನ ಕ್ಷೀಣವಾದ ರೋಗಸೂಚನೆಯನ್ನು ಹಿಡಿದು ವೈದ್ಯರಿಗೆ ತಿಳಿಸುವ ಕೆಲಸವನ್ನು ಏಕೆ ವಹಿಸಬಾರದು? ಐವತ್ತು ವರ್ಷಗಳಿಗೂ ಮಿಕ್ಕು ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಇದು.

ಪ್ರಶ್ನೆಯು ಸರಳವಾಗಿದೆ, ಉತ್ತರವು ಸರಳವಾಗಿ ದೊರೆಯಲಿಲ್ಲ. ಅದು ಏಕೆ ದೊರೆಯಲಿಲ್ಲ, ದೊರೆತಷ್ಟು ಎಲ್ಲಿ ದೊರೆಯಿತು ಎಂಬುದನ್ನು ತಿಳಿದುಕೊಂಡರೆ, ಪತ್ರಿಕೆಗಳಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುವ "ಒಂದು ಹನಿ ರಕ್ತದಲ್ಲಿ ಸಕಲ ರೋಗಗಳ ಪತ್ತೆ" ಎಂಬ ಬಗೆಯ ಸುದ್ದಿಗಳನ್ನು ತೂಗಿ ನೋಡುವ ತಕ್ಕಡಿಯೊಂದು ನಮ್ಮ ಕೈಗೆ ಬಂದಂತಾಗುವುದು.

ಎದೆನೋವು ಮತ್ತು ಹದಿನಾಲ್ಕು ನ್ಯಾನೋಗ್ರಾಮ್

ಮೊದಲು ಇದರ ಅಗತ್ಯವನ್ನು ನೋಡೋಣ. ನಡುವಯಸ್ಸಿನ ಒಬ್ಬರು ನಡುರಾತ್ರಿಯಲ್ಲಿ ಎದೆನೋವೆಂದು ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಬರುತ್ತಾರೆ. ಅದು ಅಜೀರ್ಣವೇ, ಹೃದಯಾಘಾತವೇ? ಹೃದಯದ ವಿದ್ಯುತ್ ಚಿತ್ರಣವಾದ ಇ.ಸಿ.ಜಿ. ಕೆಲವರಲ್ಲಿ ಸ್ಪಷ್ಟವಾದ ಉತ್ತರ ಕೊಡುವುದು. ಹೃದಯಾಘಾತವಾಗಿರುವ ಎಲ್ಲರಲ್ಲಿಯೂ ಕೊಡುವುದಿಲ್ಲ. ಅಂತಹ ಸಂದರ್ಭದಲ್ಲಿ ವೈದ್ಯರು ನಂಬುವುದು ಟ್ರೋಪೋನಿನ್ ಎಂಬ ಪ್ರೋಟೀನನ್ನು. ಇದು ಹೃದಯದ ಸ್ನಾಯುವಿನೊಳಗೆ ಇರತಕ್ಕ ವಸ್ತು. ಸ್ನಾಯುವಿಗೆ ಪೆಟ್ಟಾದಾಗ ಅದು ಸೋರಿ ರಕ್ತವನ್ನು ಸೇರುತ್ತದೆ. ಇಂದಿನ ಅತಿಸೂಕ್ಷ್ಮ ಪರೀಕ್ಷೆಗಳಲ್ಲಿ ಟ್ರೋಪೋನಿನ್-ಟಿ ಎಂಬ ಬಗೆಗೆ ನಿಗದಿಯಾಗಿರುವ ಎಲ್ಲೆ ಲೀಟರಿಗೆ 14 ನ್ಯಾನೋಗ್ರಾಮ್. ಒಂದು ನ್ಯಾನೋಗ್ರಾಮ್ ಎಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಭಾಗ.

ಒಮ್ಮೆ ಅಳೆದರೆ ಸಾಲದು. ಒಂದರಿಂದ ಮೂರು ಗಂಟೆಗಳ ಅಂತರದಲ್ಲಿ ಮತ್ತೆ ರಕ್ತ ತೆಗೆದು, ಪ್ರಮಾಣವು ಏರುತ್ತಿದೆಯೇ ಇದ್ದಲ್ಲಿಯೇ ನಿಂತಿದೆಯೇ ಎಂಬುದನ್ನು ನೋಡಬೇಕು. ಆದುದರಿಂದ ಅಳತೆ ಸೂಕ್ಷ್ಮವಾಗಿದ್ದರೆ ಸಾಲದು, ಎರಡು ಸಲವೂ ಒಂದೇ ಮಾನದಲ್ಲಿರಬೇಕು. ದೊಡ್ಡ ನಗರದ ಆಸ್ಪತ್ರೆಗಳಲ್ಲಿ ಇದನ್ನು ಮಾಡುವ ಯಂತ್ರಗಳಿವೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರಗಳೂ ಈಚಿನ ವರ್ಷಗಳಲ್ಲಿ ಬಂದಿವೆಯಾದರೂ ಅವು ಎಲ್ಲರ ಕೈಗೆ ಎಟುಕುವಂಥವಲ್ಲ. ಪಟ್ಟಿಯ ಮೇಲೆ ಗೆರೆ ಮೂಡಿಸುವ ಅಗ್ಗದ ಪರೀಕ್ಷೆಗಳು ಇಷ್ಟು ಸೂಕ್ಷ್ಮವಲ್ಲ. ತಾಲ್ಲೂಕಿನಿಂದ ನಗರಕ್ಕೆ ಆಂಬುಲೆನ್ಸಿನಲ್ಲಿ ಹೋಗುವ ವೇಳೆಯಲ್ಲಿಯೇ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಸಿಲಿಕನ್ನಿನ ಒಂದು ಚೂರು, ಒಂದು ಹನಿ ರಕ್ತ, ಹತ್ತು ನಿಮಿಷ. ಇಷ್ಟರಲ್ಲಿ ಉತ್ತರ ದೊರೆಯುವಂತಾದರೆ ಎಷ್ಟೋ ಮನೆಗಳ ದೀಪ ಉಳಿಯುವುದು. ವಿಜ್ಞಾನಿಗಳು ಟ್ರಾನ್ಸಿಸ್ಟರಿನ ಕಡೆಗೆ ಆಸೆಯಿಂದ ನೋಡಿದ್ದು ಇದಕ್ಕಾಗಿ.

ತೂಬಿನ ಉಪಮೆ

ಟ್ರಾನ್ಸಿಸ್ಟರಿನ ಕೆಲಸವನ್ನು ನಮ್ಮ ಕೆರೆಯ ತೂಬಿಗೆ ಹೋಲಿಸಬಹುದು. ಕೆರೆಯಲ್ಲಿ ನೀರಿದೆ, ಕೆಳಗೆ ಕಾಲುವೆಯಿದೆ. ನಡುವೆ ಇರುವ ತೂಬಿನ ಕದವನ್ನು ಬೆರಳಷ್ಟು ಎತ್ತಿದರೂ ಕಾಲುವೆಯ ನೀರು ಬಹಳವಾಗಿ ಹೆಚ್ಚುತ್ತದೆ. ಅಲ್ಪ ಚಲನೆಯಿಂದ ಮಹಾಪ್ರವಾಹವನ್ನು ಹತೋಟಿಯಲ್ಲಿಡುವುದೇ ಇದರ ಗುಟ್ಟು. ಕ್ಷೇತ್ರಪರಿಣಾಮದ ಟ್ರಾನ್ಸಿಸ್ಟರಿನಲ್ಲಿ ಕೆರೆಯ ಸ್ಥಾನದಲ್ಲಿ ಒಂದು ತುದಿ, ಕಾಲುವೆಯ ಸ್ಥಾನದಲ್ಲಿ ಇನ್ನೊಂದು ತುದಿ. ನಡುವಿನ ಸಿಲಿಕನ್ನಿನಲ್ಲಿ ಹರಿಯುವುದು ವಿದ್ಯುತ್ತು. ಅದರ ಮೇಲೆ ತೆಳುವಾದ ನಿರೋಧಕ ಪದರ, ಆ ಪದರದ ಮೇಲೆ ಗೇಟ್ ಎಂಬ ಲೋಹದ ಹೊದಿಕೆ. ಗೇಟಿನ ಮೇಲೆ ವಿದ್ಯುದಂಶ ಕೂಡಿದರೆ ಅದರ ಕ್ಷೇತ್ರವು ಪದರವನ್ನು ಹಾಯ್ದು ಕೆಳಗಿನ ಪ್ರವಾಹವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ.

ಈ ಕಲ್ಪನೆಯನ್ನು ಯೂಲಿಯಸ್ ಲಿಲಿಯನ್‌ಫೆಲ್ಡ್ ಎಂಬವರು 1925ರಷ್ಟು ಹಿಂದೆಯೇ ಹಕ್ಕುಪತ್ರಕ್ಕಾಗಿ ಬರೆದಿಟ್ಟಿದ್ದರು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಅವರ ಕೈಯಲ್ಲಿ ಮೊದಲು ಕೆಲಸ ಮಾಡಿದ್ದು ಬೇರೊಂದು ಬಗೆಯ ಟ್ರಾನ್ಸಿಸ್ಟರ್. ಮೇಲೆ ಹೇಳಿದ ಗೇಟುಳ್ಳ ಬಗೆಯನ್ನು ಅದೇ ಪ್ರಯೋಗಶಾಲೆಯ ಮೊಹಮ್ಮದ್ ಅಟಾಲ ಮತ್ತು ಡಾವನ್ ಕಾಂಗ್ 1959ರಲ್ಲಿ ಸಾಧಿಸಿದರು.

ಹತ್ತು ವರ್ಷಗಳೊಳಗಾಗಿ, ನೆದರ್‌ಲೆಂಡಿನ ಎನ್‌ಷೆಡೆ ಊರಿನ ತಾಂತ್ರಿಕ ವಿದ್ಯಾಲಯದಲ್ಲಿ ಪೀಟ್ ಬರ್ಗ್‌ವೆಲ್ಡ್ ಎಂಬ ತರುಣರಿಗೆ ಒಂದು ವಿಚಾರ ಹೊಳೆಯಿತು. ಗೇಟಿನ ಲೋಹವನ್ನು ತೆಗೆದುಹಾಕಿ, ಬರಿಯ ನಿರೋಧಕ ಪದರವನ್ನು ದ್ರವದಲ್ಲಿ ಅದ್ದಿದರೆ ಏನಾಗುವುದು? ದ್ರವದಲ್ಲಿರುವ ಅಯಾನುಗಳು, ಎಂದರೆ ವಿದ್ಯುದಂಶವುಳ್ಳ ಕಣಗಳು, ತಾವೇ ತೂಬಿನ ಕದವನ್ನು ಆಡಿಸಬಲ್ಲವು. ನರಗಳ ಚಟುವಟಿಕೆಯನ್ನು ಅಳೆಯುವ ಉದ್ದೇಶದಿಂದ ಅವರು ರಚಿಸಿದ ಈ ಸಾಧನದ ವರದಿ 1970ರಲ್ಲಿ ಪ್ರಕಟವಾಯಿತು. ಅಯಾನುಸಂವೇದಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಹೀಗೆ. ಇಂದಿನ ಟ್ರಾನ್ಸಿಸ್ಟರ್ ಜೈವಿಕ ಸಂವೇದಕಗಳೆಲ್ಲ ಈ ಒಂದು ಬೇರಿನಿಂದ ಚಿಗುರಿದ ಕೊಂಬೆಗಳು.

ಆರು ಮಿಲಿವೋಲ್ಟಿನ ಆರೋಗ್ಯ

ಈ ಸಾಧನವು ಮೊದಲು ಕಲಿತ ವಿದ್ಯೆ ಆಮ್ಲತೆಯನ್ನು ಅಳೆಯುವುದು. ದ್ರವದಲ್ಲಿರುವ ಜಲಜನಕದ ಅಯಾನುಗಳು ಪದರದ ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆ, ಬಿಟ್ಟುಬಿಡುತ್ತವೆ. ಅದರಂತೆ ಅಲ್ಲಿನ ವಿದ್ಯುದಂಶ ಬದಲಾಗುತ್ತದೆ. ಆದರೆ ಪ್ರಕೃತಿಯು ಇಲ್ಲಿ ಒಂದು ಎಲ್ಲೆಯನ್ನು ಹಾಕಿದೆ. ಆಮ್ಲತೆಯ ಮಾನವಾದ ಪಿ.ಎಚ್. ಒಂದು ಅಂಕೆಯಷ್ಟು ಬದಲಾದರೆ ಮೇಲ್ಮೈಯಲ್ಲಿ ಉಂಟಾಗುವ ವಿದ್ಯುತ್ ಒತ್ತಡದ ವ್ಯತ್ಯಾಸ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ 59 ಮಿಲಿವೋಲ್ಟ್. ಮೊದಲು ಬಳಸಿದ ಸಿಲಿಕನ್ ಡೈಆಕ್ಸೈಡ್ ಪದರವು ಈ ಎಲ್ಲೆಯಿಂದ ಬಹಳ ಕೆಳಗೆ ಉಳಿಯಿತು. ಮುಂದೆ ಬಂದ ಟ್ಯಾಂಟಲಮ್ ಪೆಂಟಾಕ್ಸೈಡಿನಂತಹ ಪದರಗಳು ಹೆಚ್ಚುಕಡಿಮೆ ಎಲ್ಲೆಯನ್ನೇ ಮುಟ್ಟಿದುವು.

ಇನ್ನು ಆರೋಗ್ಯವಂತರ ರಕ್ತವನ್ನು ನೋಡೋಣ. ಅಪಧಮನಿಯ ರಕ್ತದ ಪಿ.ಎಚ್. 7.35ರಿಂದ 7.45ರ ಒಳಗೆ ಇರಬೇಕು. ಈ ಹತ್ತನೆಯ ಒಂದು ಅಂಕೆಯನ್ನು ಟ್ರಾನ್ಸಿಸ್ಟರಿನ ಭಾಷೆಗೆ ತಿರುಗಿಸಿದರೆ, ದೇಹದ ಉಷ್ಣತೆಯಲ್ಲಿ ಸುಮಾರು ಆರು ಮಿಲಿವೋಲ್ಟ್ ಆಗುತ್ತದೆ. ಆರೋಗ್ಯದ ಇಡೀ ಅಂಗಳ ಇಷ್ಟೇ ಅಗಲ. ಈಗ ಸಾಧನದ ದೌರ್ಬಲ್ಯವನ್ನು ಗಮನಿಸಬೇಕು. ನಿರೋಧಕ ಪದರವು ದ್ರವದಲ್ಲಿ ನೆನೆಯುತ್ತ ಹೋದಂತೆ ಅದರ ಗುಣ ಮೆಲ್ಲಮೆಲ್ಲನೆ ಬದಲಾಗಿ, ದ್ರವದಲ್ಲಿ ಯಾವ ವ್ಯತ್ಯಾಸವೂ ಇಲ್ಲದೆ ಮುಳ್ಳು ತಾನಾಗಿ ಸರಿಯತೊಡಗುತ್ತದೆ. ಗಂಟೆಗೆ ಒಂದೇ ಮಿಲಿವೋಲ್ಟಿನಂತೆ ಸರಿದರೂ, ಬೆಳಿಗ್ಗೆ ಆರೋಗ್ಯವಂತರಾಗಿ ಮಲಗಿದ್ದವರನ್ನು ಅದು ಸಂಜೆಯ ಹೊತ್ತಿಗೆ ರೋಗಿಯೆಂದು ಸಾರಬಲ್ಲುದು. ಉಷ್ಣತೆ ಏರಿದರೂ ಬೆಳಕು ಬಿದ್ದರೂ ಸಿಲಿಕನ್ನಿನ ಪ್ರವಾಹ ಬದಲಾಗುವುದರಿಂದ ಅವುಗಳಿಗೂ ಲೆಕ್ಕ ಇಡಬೇಕು.

ಇದಲ್ಲದೆ ಒತ್ತಡವನ್ನು ಅಳೆಯಬೇಕಾದರೆ ಎರಡು ತುದಿಗಳು ಬೇಕು. ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುವಂತೆ, ದ್ರವದಲ್ಲಿಯೂ ಅಲುಗಾಡದ ಒಂದು ಆಧಾರಬಿಂದು ಇರಬೇಕು. ಇದಕ್ಕಾಗಿ ಬಳಸುವ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ವಿದ್ಯುದ್ವಾರವು ಉಪ್ಪಿನ ದ್ರಾವಣ ತುಂಬಿದ ಕೊಳವೆಯೊಳಗೆ ಇರುತ್ತದೆ. ಟ್ರಾನ್ಸಿಸ್ಟರನ್ನು ಸಾಸಿವೆ ಕಾಳಿಗಿಂತ ಸಾವಿರ ಪಾಲು ಚಿಕ್ಕದಾಗಿ ಮಾಡಬಹುದು. ಈ ಕೊಳವೆಯನ್ನು ಹಾಗೆ ಕುಗ್ಗಿಸಿದರೆ ಅದರೊಳಗಿನ ಉಪ್ಪು ಬೇಗ ಸೋರಿಹೋಗಿ ಆಧಾರಬಿಂದುವೇ ಅಲುಗಾಡುತ್ತದೆ. ಆನೆಯನ್ನು ಇಲಿಯಷ್ಟು ಮಾಡಿದ ಮೇಲೆಯೂ ಅಂಬಾರಿಯು ಹಳೆಯ ಗಾತ್ರದಲ್ಲಿಯೇ ಉಳಿದಂತಾಯಿತು.

ಕಾಣದ ತೆರೆ

ಈ ತೊಂದರೆಗಳನ್ನು ಜಾಣತನದಿಂದಲೂ ತಾಳ್ಮೆಯಿಂದಲೂ ಗೆಲ್ಲಬಹುದು. ಆದರೆ ಆಮ್ಲತೆಯಿಂದ ಟ್ರೋಪೋನಿನ್ನಿನಂತಹ ದೊಡ್ಡ ಅಣುಗಳ ಕಡೆಗೆ ತಿರುಗಿದಾಗ ಎದುರಾದದ್ದು ಬೇರೆಯ ಜಾತಿಯ ಅಡ್ಡಿ.

ಯೋಜನೆ ನೋಡುವುದಕ್ಕೆ ಅಂದವಾಗಿತ್ತು. ನಮ್ಮ ದೇಹವು ರೋಗಾಣುಗಳನ್ನು ಗುರುತಿಸಲು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ಒಂದೊಂದು ಪ್ರತಿಕಾಯವೂ ಒಂದೊಂದು ಗುರಿಯನ್ನು ಬೀಗವು ಕೀಲಿಯನ್ನು ಹಿಡಿಯುವಂತೆ ಹಿಡಿಯುತ್ತದೆ. ಟ್ರೋಪೋನಿನ್ನನ್ನು ಹಿಡಿಯುವ ಪ್ರತಿಕಾಯಗಳನ್ನು ಗೇಟಿನ ಪದರದ ಮೇಲೆ ಪೈರಿನಂತೆ ನೆಟ್ಟರೆ, ಬಂದ ಅಣುವನ್ನು ಅವು ಹಿಡಿದುಕೊಳ್ಳುತ್ತವೆ. ಅಣುವಿನ ಮೇಲಿರುವ ವಿದ್ಯುದಂಶವು ತೂಬಿನ ಕದವನ್ನು ಆಡಿಸುತ್ತದೆ. ಬಣ್ಣ ಬೇಡ, ಹೊಳೆಯುವ ಗುರುತು ಬೇಡ, ಬೆಳಕನ್ನು ಅಳೆಯುವ ಯಂತ್ರವೂ ಬೇಡ. 1970ರ ದಶಕದಿಂದಲೂ ಹಲವರು ಇದನ್ನು ಪ್ರಯತ್ನಿಸಿದರು.

ಇಲ್ಲಿ ಅಡ್ಡ ಬಂದದ್ದು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಅಡಿಗೆಮನೆಗೆ ಮಾತ್ರವಲ್ಲ, ದೇಹಕ್ಕೂ ಅದು ಜೀವಾಳ. ರಕ್ತದಲ್ಲಿ ಸೋಡಿಯಮ್ ಮತ್ತು ಕ್ಲೋರೈಡ್ ಅಯಾನುಗಳು ಕಿಕ್ಕಿರಿದು ತುಂಬಿವೆ. ಋಣ ವಿದ್ಯುದಂಶವುಳ್ಳ ಅಣುವೊಂದು ಅಲ್ಲಿ ಕಾಣಿಸಿಕೊಂಡೊಡನೆ ಧನ ಅಯಾನುಗಳು ಜಾತ್ರೆಯಲ್ಲಿ ತೇರನ್ನು ಮುತ್ತುವ ಜನರಂತೆ ಅದನ್ನು ಮುತ್ತುತ್ತವೆ. ಹತ್ತಿರದಿಂದ ನೋಡಿದರೆ ಅಣುವಿನ ವಿದ್ಯುದಂಶ ಕಾಣುವುದು. ತುಸು ದೂರ ಸರಿದರೆ ಅಣುವೂ ಅದರ ಮುತ್ತಿಗೆಯೂ ಸೇರಿ ಮೊತ್ತ ಸೊನ್ನೆ. ಆ 'ತುಸು ದೂರ' ಎಷ್ಟು ಎಂಬುದನ್ನು 1923ರಲ್ಲಿಯೇ ಪೀಟರ್ ಡಿಬೈ ಮತ್ತು ಎರಿಕ್ ಹುಕೆಲ್ ಲೆಕ್ಕ ಹಾಕಿ ತೋರಿಸಿದ್ದರು. ರಕ್ತದಷ್ಟು ಉಪ್ಪಿರುವ ದ್ರವದಲ್ಲಿ ಅದು ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ, ಸುಮಾರು 0.8 ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ.

ಪ್ರತಿಕಾಯದ ಎತ್ತರವೇ ಸುಮಾರು 10 ನ್ಯಾನೋಮೀಟರ್. ಎಂದರೆ ಅದು ತನ್ನ ತುದಿಯಲ್ಲಿ ಹಿಡಿದ ಅಣುವು ಟ್ರಾನ್ಸಿಸ್ಟರಿನ ಕಿವಿಗೆ ಕೇಳಿಸುವ ದೂರಕ್ಕಿಂತ ಹತ್ತು ಪಟ್ಟಿಗೂ ಮಿಕ್ಕು ಆಚೆಗೆ ನಿಂತಿದೆ. ಅದು ಬಂದಿರುವುದು ನಿಜ, ಹಿಡಿಯಲ್ಪಟ್ಟಿರುವುದೂ ನಿಜ. ಆದರೆ ಅದರ ಮಾತು ಉಪ್ಪಿನ ತೆರೆಯನ್ನು ದಾಟಿ ಒಳಗೆ ತಲುಪುವುದಿಲ್ಲ. ಈ ಸಂಗತಿಯನ್ನು ಎತ್ತಿ ಹೇಳಿದವರಲ್ಲಿ ಸಾಧನದ ಜನಕರಾದ ಬರ್ಗ್‌ವೆಲ್ಡ್ ಅವರೇ ಒಬ್ಬರು ಎಂಬುದು ಗಮನಾರ್ಹ. ಪ್ರೋಟೀನುಗಳನ್ನು ನೇರವಾಗಿ ವಿದ್ಯುತ್ತಿನಿಂದ ಪತ್ತೆಹಚ್ಚುವ ವಿಧಾನಗಳನ್ನು 1991ರಲ್ಲಿ ಅವರು ವಿಮರ್ಶಿಸಿ, ಇಂತಹ ಅಳತೆಗಳ ಮೂಲದಲ್ಲಿಯೇ ಇರುವ ತೊಡಕನ್ನು ತೆರೆದು ತೋರಿಸಿದರು. ತಾನು ನೆಟ್ಟ ಗಿಡದ ಹುಳುಕನ್ನು ತಾನೇ ತೋರಿಸುವ ಪ್ರಾಮಾಣಿಕತೆ ವಿಜ್ಞಾನದ ಒಡವೆ.

ಹಾಗಾದರೆ ರಕ್ತಕ್ಕೆ ನೀರು ಬೆರೆಸಿ ಉಪ್ಪನ್ನು ತೆಳುವಾಗಿಸಬಾರದೇ ಎಂದು ಓದುಗರು ಕೇಳಬಹುದು. ಬೆರೆಸಬಹುದು. ಡಿಬೈ ದೂರವು ಉಪ್ಪಿನ ಪ್ರಮಾಣದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ನೂರು ಪಟ್ಟು ತೆಳುವಾಗಿಸಿದರೆ ದೂರ ಹತ್ತು ಪಟ್ಟು ಹೆಚ್ಚಿ ಸುಮಾರು 8 ನ್ಯಾನೋಮೀಟರ್ ಆಗುವುದು. ಆದರೆ ಆ ನೀರು ಟ್ರೋಪೋನಿನ್ನನ್ನೂ ನೂರು ಪಟ್ಟು ತೆಳುವಾಗಿಸಿತು. ಮೊದಲೇ ಲೀಟರಿಗೆ 14 ನ್ಯಾನೋಗ್ರಾಮ್ ಇದ್ದುದು ಇನ್ನೆಲ್ಲಿ ಉಳಿಯಿತು? ಇದಲ್ಲದೆ ಪ್ರತಿಕಾಯವು ತನ್ನ ಗುರಿಯನ್ನು ಚೆನ್ನಾಗಿ ಹಿಡಿಯುವುದು ದೇಹದಷ್ಟು ಉಪ್ಪಿರುವ ದ್ರವದಲ್ಲಿ. ಕೇಳಿಸುವುದಕ್ಕೆ ಉಪ್ಪು ಕಡಿಮೆಯಿರಬೇಕು, ಹಿಡಿಯುವುದಕ್ಕೆ ಉಪ್ಪು ಬೇಕು. ಈ ಇಕ್ಕಟ್ಟೇ ಸಂವೇದಕಗಳ ವಿನ್ಯಾಸದ ನಡುಮನೆಯಲ್ಲಿ ಕುಳಿತಿರುವ ಸಮಸ್ಯೆ.

ಜನಸಂದಣಿ

ಉಪ್ಪಿನ ತೆರೆಯ ಜೊತೆಗೆ ಇನ್ನೊಂದು ತೊಂದರೆಯೂ ಇದೆ. ರಕ್ತದಲ್ಲಿ ಟ್ರೋಪೋನಿನ್ ಒಂದೇ ಇಲ್ಲ. ಆಲ್ಬುಮಿನ್ ಎಂಬ ಪ್ರೋಟೀನೊಂದೇ ಲೀಟರಿಗೆ 40 ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ತೂಕದಲ್ಲಿ ನೋಡಿದರೆ ಹೃದಯಾಘಾತದ ಎಲ್ಲೆಯಲ್ಲಿರುವ ಟ್ರೋಪೋನಿನ್ನಿಗಿಂತ ಇದು ಸುಮಾರು 280 ಕೋಟಿ ಪಟ್ಟು. ಪ್ರತಿಕಾಯವು ಆಲ್ಬುಮಿನ್ನನ್ನು ಹಿಡಿಯುವುದಿಲ್ಲವೆಂಬುದು ಸರಿ. ಆದರೆ ಪ್ರೋಟೀನುಗಳಿಗೆ ಯಾವ ಮೇಲ್ಮೈ ಸಿಕ್ಕಿದರೂ ಅಂಟಿಕೊಳ್ಳುವ ಚಾಳಿ ಇದೆ. ಕೋಟಿಯಲ್ಲಿ ಒಂದು ಆಲ್ಬುಮಿನ್ ಅಣು ಸುಮ್ಮನೆ ಅಂಟಿಕೊಂಡರೂ ನಿಜವಾದ ಅತಿಥಿಯ ದನಿ ಅದರಲ್ಲಿ ಮುಳುಗಿಹೋಗುವುದು. ಟ್ರಾನ್ಸಿಸ್ಟರಿಗೆ ಯಾರು ಬಂದರೆಂಬುದು ತಿಳಿಯದು. ವಿದ್ಯುದಂಶ ಬಂದಿತೆಂಬುದಷ್ಟೇ ತಿಳಿಯುವುದು.

ಸಾಧನವನ್ನು ಇನ್ನೂ ಚಿಕ್ಕದಾಗಿ ಮಾಡಿದರೆ ಸೂಕ್ಷ್ಮತೆ ಹೆಚ್ಚುವುದೆಂಬ ಆಸೆಯೂ ಇತ್ತು. 2001ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಲೀಬರ್ ಅವರ ತಂಡವು ಕೂದಲೆಳೆಗಿಂತ ಸಾವಿರಾರು ಪಾಲು ತೆಳುವಾದ ಸಿಲಿಕನ್ ತಂತಿಗಳಿಂದ ಸಂವೇದಕಗಳನ್ನು ರಚಿಸಿತು. 2005ರಲ್ಲಿ ಕ್ಯಾನ್ಸರಿನ ಸೂಚಕಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಪತ್ತೆಹಚ್ಚಿತು. ಸಾಧನೆ ದೊಡ್ಡದು. ಆದರೆ ಅದಕ್ಕೆ ಕೊಟ್ಟದ್ದು ಉಪ್ಪನ್ನು ತೆಗೆದ ರಕ್ತಸಾರ. ಅದೇ 2005ರಲ್ಲಿ ಷೀಹನ್ ಮತ್ತು ವಿಟ್‌ಮನ್ ಎಂಬಿಬ್ಬರು ಇನ್ನೊಂದು ಲೆಕ್ಕವನ್ನು ಮುಂದಿಟ್ಟರು. ಬಲೆ ಚಿಕ್ಕದಾದಷ್ಟೂ ಮೀನು ಬಂದು ಬೀಳುವುದಕ್ಕೆ ಹೆಚ್ಚು ಹೊತ್ತು ಕಾಯಬೇಕು. ಒಂದು ಲೀಟರಿನಲ್ಲಿ ಒಂದು ಫೆಮ್ಟೋಮೋಲ್ ಇರುವ ದ್ರವದ ಒಂದು ಮೈಕ್ರೋಲೀಟರನ್ನು, ಎಂದರೆ ಸೂಜಿಮೊನೆಯಷ್ಟು ಹನಿಯನ್ನು, ತೆಗೆದುಕೊಂಡರೆ ಅದರಲ್ಲಿರುವುದು ಸುಮಾರು 600 ಅಣುಗಳು. ಅವು ದಿಕ್ಕಿಲ್ಲದೆ ಅಲೆಯುತ್ತ ಆ ನವಿರಾದ ತಂತಿಯನ್ನು ತಾವಾಗಿ ಬಂದು ಮುಟ್ಟಬೇಕಾದರೆ ಗಂಟೆಗಳೋ ದಿನಗಳೋ ಹಿಡಿಯಬಹುದು. ಎದೆನೋವಿನ ರೋಗಿಗೆ ಅಷ್ಟು ವೇಳೆಯಿಲ್ಲ.

ತೆರೆಯನ್ನು ಸರಿಸುವ ಉಪಾಯಗಳು

ವಿಜ್ಞಾನಿಗಳು ಕೈಕಟ್ಟಿ ಕುಳಿತಿರಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ರೀಡ್ ಅವರ ತಂಡವು ಹಿಡಿಯುವ ಕೆಲಸವನ್ನೂ ಕೇಳುವ ಕೆಲಸವನ್ನೂ ಬೇರ್ಪಡಿಸಿತು. 2010ರಲ್ಲಿ ಪ್ರಕಟವಾದ ಅವರ ಸಾಧನದಲ್ಲಿ, ರಕ್ತವು ಮೊದಲು ಒಂದು ಕೋಣೆಯೊಳಗೆ ಹೋಗಿ ಅಲ್ಲಿ ಬೇಕಾದ ಅಣುಗಳನ್ನು ಬಿಟ್ಟು ಹೊರಹೋಗುತ್ತದೆ. ಕೋಣೆಯನ್ನು ತೊಳೆದ ಮೇಲೆ, ಉಪ್ಪು ಕಡಿಮೆಯಿರುವ ಶುದ್ಧ ದ್ರವದಲ್ಲಿ ಆ ಅಣುಗಳನ್ನು ನೇರಳಾತೀತ ಬೆಳಕಿನಿಂದ ಬಿಡಿಸಿ ಸಂವೇದಕದ ಕಡೆಗೆ ಕಳುಹಿಸಲಾಗುತ್ತದೆ. ಹಿಡಿಯುವುದು ಉಪ್ಪಿನಲ್ಲಿ, ಕೇಳುವುದು ಉಪ್ಪಿನಾಚೆ, ಇಕ್ಕಟ್ಟು ಬಿಡಿಸಿತು. ಆದರೆ ಕೋಣೆ, ಕವಾಟ, ಬೆಳಕು ಇವೆಲ್ಲ ಸೇರಿ ಒಂದು ಚೂರಿನ ಸರಳತೆ ಹೊರಟುಹೋಯಿತು.

ಲೀಬರ್ ತಂಡವು 2015ರಲ್ಲಿ ಬೇರೆ ದಾರಿ ತುಳಿಯಿತು. ತಂತಿಯ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರುಹೀರುವ ಪಾಲಿಮರಿನ ಪೊದೆಯನ್ನು ಬೆಳೆಸಿದಾಗ, ಅದರೊಳಗೆ ಅಯಾನುಗಳ ಮುತ್ತಿಗೆ ಸಡಿಲವಾಗಿ, ದೇಹದಷ್ಟು ಉಪ್ಪಿನಲ್ಲಿಯೂ ಅಣುಗಳ ದನಿ ಕೇಳಿಸಿತು. 2018ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್ ಆಂಡ್ರ್ಯೂಸ್, ನಾಕೋ ನಾಕತ್ಸುಕ ಮತ್ತಿತರರು ಪ್ರತಿಕಾಯಗಳನ್ನೇ ಬಿಟ್ಟು ಆಪ್ಟಮರ್ ಎಂಬ ಡಿ.ಎನ್.ಎ. ಎಳೆಗಳನ್ನು ನೆಟ್ಟರು. ಗುರಿಯನ್ನು ಹಿಡಿದಾಗ ಈ ಎಳೆ ಮುದುರಿಕೊಂಡೋ ಅರಳಿಕೊಂಡೋ ತನ್ನ ಭಂಗಿಯನ್ನು ಬದಲಾಯಿಸುತ್ತದೆ. ಡಿ.ಎನ್.ಎ.ಯ ಮೈತುಂಬ ವಿದ್ಯುದಂಶವಿದೆ. ಅದು ಮೇಲ್ಮೈಯ ಹತ್ತಿರದಲ್ಲಿಯೇ ಸ್ಥಾನ ಬದಲಿಸುವುದರಿಂದ ತೆರೆಯ ಈಚೆಯಲ್ಲಿಯೇ ಸುದ್ದಿ ಮುಟ್ಟಿತು. ಬಂದ ಅತಿಥಿಯ ಮಾತು ಕೇಳಿಸದಿದ್ದರೂ, ಬಾಗಿಲು ತೆರೆದವನ ಅಲುಗಾಟದಿಂದ ಅತಿಥಿ ಬಂದನೆಂದು ತಿಳಿದಂತೆ. ತನ್ನದೆಂದು ಹೇಳಿಕೊಳ್ಳಲು ವಿದ್ಯುದಂಶವೇ ಅಷ್ಟಾಗಿ ಇಲ್ಲದ ಸಣ್ಣ ಅಣುಗಳನ್ನೂ ಈ ಉಪಾಯದಿಂದ ಅಳೆಯುವುದು ಸಾಧ್ಯವಾಯಿತು.

ಗೆದ್ದವರು ಗೆದ್ದದ್ದು ಹೇಗೆ?

ಈ ಇಡೀ ಕ್ಷೇತ್ರದಲ್ಲಿ ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿ ಜಗತ್ತಿಗೆ ಬಂದವುಗಳನ್ನು ಎಣಿಸಿ ನೋಡಿದರೆ ಒಂದು ಪಾಠ ಕಾಣಸಿಗುತ್ತದೆ. ಅವು ಸೂಕ್ಷ್ಮತೆಯನ್ನು ಹೆಚ್ಚಿಸಿ ಗೆದ್ದುದಕ್ಕಿಂತ ಪ್ರಶ್ನೆಯನ್ನು ಬದಲಿಸಿ ಗೆದ್ದದ್ದು ಹೆಚ್ಚು.

ದೊಡ್ಡ ಅಣುವು ತೆರೆಯ ಆಚೆಗೆ ಉಳಿದರೂ ಜಲಜನಕದ ಅಯಾನು ತಾನೇ ಬಂದು ಮೇಲ್ಮೈಯನ್ನು ಮುಟ್ಟುತ್ತದೆ. ಅದಕ್ಕೆ ಉಪ್ಪಿನ ತಡೆಯಿಲ್ಲ. ರಕ್ತಕ್ಕಿಂತ ಹೆಚ್ಚು ಉಪ್ಪಾದ ಕಡಲಿನಲ್ಲಿಯೂ ಅಯಾನುಸಂವೇದಿ ಟ್ರಾನ್ಸಿಸ್ಟರುಗಳು ಇಂದು ಕೆಲಸ ಮಾಡುತ್ತಿವೆ. ಎರಡು ಸಾವಿರ ಮೀಟರ್ ಆಳಕ್ಕೆ ತಾವಾಗಿ ಇಳಿದು ಏರುವ ತೇಲುಮಾಪಕಗಳಲ್ಲಿ ಕುಳಿತು ಅವು ಸಾಗರದ ಆಮ್ಲತೆಯನ್ನು ಅಳೆಯುತ್ತವೆ. ಆದುದರಿಂದ ದೊಡ್ಡ ಅಣುವಿನ ವಿಚಾರವನ್ನು ಜಲಜನಕದ ಅಯಾನುವಿನ ಬಾಯಿಂದ ಹೇಳಿಸಿದರೆ ಹೇಗೆ? 1980ರಲ್ಲಿಯೇ ಅಮೆರಿಕದ ಸ್ಟೀವನ್ ಕ್ಯಾರಸ್ ಮತ್ತು ಯಿರ್ಜಿ ಯಾನಾಟ ಪೆನಿಸಿಲಿನ್ನನ್ನು ಒಡೆಯುವ ಕಿಣ್ವವನ್ನು ಗೇಟಿನ ಮೇಲೆ ಇಟ್ಟು, ಒಡೆದಾಗ ಹುಟ್ಟುವ ಆಮ್ಲವನ್ನು ಅಳೆದು ಈ ದಾರಿಯನ್ನು ತೋರಿಸಿದ್ದರು.

ಇದೇ ದಾರಿಯಲ್ಲಿ ಬಹುದೂರ ನಡೆದವರು ಜೊನಾಥನ್ ರಾತ್‌ಬರ್ಗ್ ಮತ್ತು ಅವರ ಸಂಗಡಿಗರು. ಡಿ.ಎನ್.ಎ. ಎಳೆಗೆ ಹೊಸ ಅಕ್ಷರವೊಂದು ಜೋಡಣೆಯಾದಾಗಲೆಲ್ಲ ಒಂದು ಜಲಜನಕದ ಅಯಾನು ಬಿಡುಗಡೆಯಾಗುತ್ತದೆ. ಹತ್ತು ಲಕ್ಷಕ್ಕೂ ಮಿಕ್ಕಿದ ಪುಟ್ಟ ಬಾವಿಗಳು, ಪ್ರತಿಯೊಂದರ ತಳದಲ್ಲಿ ಒಂದು ಅಯಾನುಸಂವೇದಿ ಟ್ರಾನ್ಸಿಸ್ಟರ್. ನಾಲ್ಕು ಅಕ್ಷರಗಳನ್ನು ಸರದಿಯಂತೆ ಹರಿಸಿ, ಯಾವ ಅಕ್ಷರಕ್ಕೆ ಯಾವ ಬಾವಿ ಹುಳಿಯಾಯಿತೆಂಬುದನ್ನು ಗುರುತಿಸಿ ತಳಿಲಿಪಿಯನ್ನು ಓದುವ ಈ ಯಂತ್ರದ ವಿವರ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಓದಿ ತೋರಿಸಿದ ತಳಿಲಿಪಿಗಳಲ್ಲಿ ಒಂದು, ಚಿಪ್ಪಿನ ಮೇಲಿನ ಟ್ರಾನ್ಸಿಸ್ಟರುಗಳ ಸಂಖ್ಯೆ ಕಾಲಕಾಲಕ್ಕೆ ಇಮ್ಮಡಿಯಾಗುವುದೆಂದು 1965ರಲ್ಲಿ ನುಡಿದ ಗೋರ್ಡನ್ ಮೂರ್ ಅವರದು. ಇಲ್ಲಿ ಮುಳ್ಳು ಸರಿಯುವ ತೊಂದರೆಯೂ ಬಾಧಿಸಲಿಲ್ಲ. ಪ್ರತಿಯೊಂದು ಉತ್ತರವೂ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ, ಖಾಲಿ ಬಾವಿಗಳೇ ನೆರೆಯ ಬಾವಿಗಳಿಗೆ ಆಧಾರಬಿಂದುವಾಗುತ್ತವೆ, ದ್ರವವು ರಕ್ತವಾಗಿರದೆ ವಿನ್ಯಾಸಕಾರನೇ ಆರಿಸಿಕೊಂಡ ದ್ರಾವಣವಾಗಿರುತ್ತದೆ.

ಮನೆಮನೆಯಲ್ಲಿರುವ ಸಕ್ಕರೆ ಪರೀಕ್ಷೆಯ ಪಟ್ಟಿಯೂ ಇದೇ ಪಾಠವನ್ನು ಹೇಳುತ್ತದೆ. 1962ರಲ್ಲಿ ಲೀಲಂಡ್ ಕ್ಲಾರ್ಕ್ ಕಂಡುಹಿಡಿದ ಕಿಣ್ವದ ವಿದ್ಯುದ್ವಾರದಿಂದ ಬೆಳೆದು ಬಂದ ಈ ಪಟ್ಟಿಯಲ್ಲಿ ಸಂವೇದನೆಗಾಗಿ ಟ್ರಾನ್ಸಿಸ್ಟರೇ ಇಲ್ಲ. ರಕ್ತದ ಗ್ಲೂಕೋಸ್ ಲೀಟರಿಗೆ ಸುಮಾರು ಒಂದು ಗ್ರಾಮ್. ಎಂದರೆ ಟ್ರೋಪೋನಿನ್ನಿನ ಎಲ್ಲೆಗಿಂತ ಏಳು ಕೋಟಿ ಪಟ್ಟು. ಕಿಣ್ವವು ಅದನ್ನು ಒಂದೊಂದಾಗಿ ಮುರಿದು ಎಲೆಕ್ಟ್ರಾನುಗಳನ್ನು ಹೊರಗೆ ಕೊಡುತ್ತದೆ. ಪಟ್ಟಿಯನ್ನು ಒಮ್ಮೆ ಬಳಸಿ ಎಸೆಯುವುದರಿಂದ ಸರಿಯುವ ಮುಳ್ಳಿನ ಚಿಂತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾದ ನವಕಾಂತ ಭಟ್ ಅವರು ಟ್ರಾನ್ಸಿಸ್ಟರುಗಳ ವಿದ್ಯೆಯಲ್ಲಿ ಪಳಗಿದವರು. ಜೈವಿಕ ಸಂವೇದಕಗಳ ಕೆಲಸವೂ ಸೇರಿದಂತೆ ಅವರ ಸಂಶೋಧನೆಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂದಿತು. ಅವರ ಪ್ರಯೋಗಶಾಲೆಯಿಂದ ಹೊರಟ ಪಾಥ್‌ಶೋಧ್ ಎಂಬ ಸಂಸ್ಥೆಯು ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಒಂದೇ ಕೈಯಂತ್ರದಲ್ಲಿ ಮಾಡುವಂತೆ ರೂಪಿಸಿದಾಗ ಆರಿಸಿಕೊಂಡದ್ದು ಇಂತಹ ವಿದ್ಯುದ್ರಾಸಾಯನಿಕ ಪಟ್ಟಿಯನ್ನೇ. ತಾನು ಬಲ್ಲ ಆಯುಧವನ್ನು ಬಿಟ್ಟು ಕೆಲಸಕ್ಕೆ ಒದಗುವ ಆಯುಧವನ್ನು ಹಿಡಿಯುವುದೂ ವಿನ್ಯಾಸದ ಒಂದು ವಿವೇಕ.

ಕೊನೆಯ ಮೈಲಿ

ಕೋವಿಡ್ ಹಬ್ಬಿದ 2020ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನಿನಿಂದ ಟ್ರಾನ್ಸಿಸ್ಟರನ್ನು ಮಾಡಿ, ಅದರ ಮೇಲೆ ಪ್ರತಿಕಾಯಗಳನ್ನು ನೆಟ್ಟು, ರೋಗಿಗಳ ಮಾದರಿಗಳಲ್ಲಿ ವೈರಸನ್ನು ಗುರುತಿಸಿದರು. ಆದರೂ ಆ ಪಿಡುಗಿನ ಕಾಲದಲ್ಲಿ ಜಗತ್ತಿನ ಮನೆಗಳಿಗೆ ಹೋದದ್ದು ಗೆರೆ ಮೂಡಿಸುವ ಕಾಗದದ ಪಟ್ಟಿ. ಏಕೆ? ಒಂದು ಸಾಧನ ಕೆಲಸ ಮಾಡಿತೆಂದರೆ ಅದು ಸಂಶೋಧನೆ. ಹತ್ತು ಲಕ್ಷ ಸಾಧನಗಳು ಒಂದೇ ಸಮನಾಗಿ ಕೆಲಸ ಮಾಡಿದರೆ ಮಾತ್ರ ಅದು ಔಷಧಾಲಯದ ವಸ್ತು. ನ್ಯಾನೋತಂತಿಗಳೂ ಗ್ರಾಫೀನ್ ಹಾಳೆಗಳೂ ಒಂದರಂತೆ ಇನ್ನೊಂದು ಇರುವುದು ದುರ್ಲಭ. ಒಂದೊಂದನ್ನೂ ಬೇರೆಯಾಗಿ ಹದಗೊಳಿಸಬೇಕಾದರೆ ಅಗ್ಗವೆಂಬ ಮಾತಿಗೆ ಅರ್ಥವಿಲ್ಲ. ಪ್ರತಿಕಾಯಗಳು ಪ್ರೋಟೀನುಗಳಾದುದರಿಂದ ಬಿಸಿಲಿಗೆ ಕೆಡುತ್ತವೆ. ಬೇಸಗೆಯಲ್ಲಿ ರಾಯಚೂರಿನ ಉಗ್ರಾಣವೊಂದರಲ್ಲಿ ತಿಂಗಳುಗಟ್ಟಲೆ ಇದ್ದ ಸಂವೇದಕವು ಎದೆನೋವಿನ ರಾತ್ರಿ ನಿಜ ನುಡಿಯಬೇಕು.

ನಿಜ ನುಡಿಯುವುದೆಂದರೇನು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಬಹುದು. ಎದೆನೋವೆಂದು ಬಂದ ಸ
ಾವಿರ ಮಂದಿಯಲ್ಲಿ ನೂರು ಮಂದಿಗೆ ನಿಜವಾಗಿ ಹೃದಯಾಘಾತವಾಗಿದೆಯೆಂದು ಭಾವಿಸೋಣ. ಸಾಧನವು ರೋಗವಿದ್ದವರಲ್ಲಿಯೂ ಇಲ್ಲದವರಲ್ಲಿಯೂ ನೂರಕ್ಕೆ 95 ಸಲ ಸರಿ ಹೇಳುತ್ತದೆ. ಕೇಳುವುದಕ್ಕೆ ಇದು ಮೆಚ್ಚುವಂತಹ ಗುಣ. ಆದರೆ ಫಲವೇನು? ಹೃದಯಾಘಾತವಾದ ಐದು ಮಂದಿ ಅಜೀರ್ಣದ ಮಾತ್ರೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ರೋಗವಿಲ್ಲದ 45 ಮಂದಿ ಸಾಲ ಮಾಡಿ ವಾಹನ ಹಿಡಿದು ನಗರಕ್ಕೆ ಓಡುತ್ತಾರೆ. ಮುಳ್ಳಿನ ಪ್ರತಿಯೊಂದು ಸರಿತದ ಹಿಂದೆಯೂ ಒಂದು ಸಂಸಾರವಿದೆ. ಸಂವೇದಕದ ವಿನ್ಯಾಸಕಾರನು ಮಿಲಿವೋಲ್ಟುಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಈ ಕಾರಣಕ್ಕೆ.

ಹೀಗೆಂದು ನಿರಾಶರಾಗಬೇಕಾದುದಿಲ್ಲ. ಪಾಲಿಮರಿನ ಪೊದೆ, ಭಂಗಿ ಬದಲಿಸುವ ಎಳೆ, ಮೊದಲು ತೊಳೆದು ಅನಂತರ ಕೇಳುವ ಕೋಣೆ, ಇವೆಲ್ಲ ಹತ್ತು ಹದಿನೈದು ವರ್ಷಗಳ ಈಚಿನ ಬೆಳೆ. ಅವುಗಳಲ್ಲಿ ಯಾವುದು ಫಲ ಕೊಡುವುದೆಂದು ಕಾಲವೇ ಹೇಳಬೇಕು. ಅಲ್ಲಿಯವರೆಗೆ, ಹೊಸ ಸಂವೇದಕವೊಂದು ಅದ್ಭುತವನ್ನು ಸಾಧಿಸಿತೆಂಬ ಸುದ್ದಿ ಬಂದಾಗ, ಎಷ್ಟು ಸೂಕ್ಷ್ಮವಾಗಿ ಅಳೆಯಿತು ಎಂದು ಕೇಳುವ ಮೊದಲು ಯಾವ ದ್ರವದಲ್ಲಿ ಅಳೆಯಿತು ಎಂದು ಕೇಳುವುದು ಒಳ್ಳೆಯದು. ತೆಳುವಾಗಿಸಿದ ಉಪ್ಪುನೀರಿನಲ್ಲಿಯೋ, ಉಪ್ಪು ತೆಗೆದ ರಕ್ತಸಾರದಲ್ಲಿಯೋ, ರೋಗಿಯ ಬೆರಳಿನಿಂದ ಆಗತಾನೆ ಚಿಮ್ಮಿದ ರಕ್ತದಲ್ಲಿಯೋ? ಮೂರನೆಯ ಉತ್ತರ ದೊರೆತು, ಸಾವಿರಾರು ರೋಗಿಗಳಲ್ಲಿ ಅದು ಸ್ಥಿರಪಟ್ಟ ದಿನ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಆ ಪುಟ್ಟ ಸಿಲಿಕನ್ ಚೂರಿನ ಮಾತನ್ನು ನಂಬಿ ಚಿಕಿತ್ಸೆಗೆ ಕೈಹಾಕಬಹುದು.